ದೂರದ ಪ್ರಭುತ್ವವೂ ವಲಸಿಗರ ಬಂಡಾಯವೂ

ಪ್ರಜೆಗಳು ತಮ್ಮನ್ನಾಳುವವರ ಮೇಲೆ ದಂಗೆಯೇಳುವುದಕ್ಕೆ ಹಸಿವು, ಬಡತನ, ಹೊರಲಾರದ ಕಂದಾಯಗಳೇ ಕಾರಣವೆಂಬುದು ಸಾಮಾನ್ಯವಾದ ತಿಳಿವಳಿಕೆ. ಅನೇಕ ದಂಗೆಗಳ ವಿಷಯದಲ್ಲಿ ಈ ಮಾತು ನಿಜವೂ ಹೌದು. ಆದರೆ ಜಗತ್ತಿನ ರಾಜಕೀಯ ಚಿಂತನೆಯ ದಿಕ್ಕನ್ನೇ ತಿರುಗಿಸಿದ ಒಂದು ಮಹಾ ಬಂಡಾಯಕ್ಕೆ ಈ ಸೂತ್ರ ಹೊಂದುವುದಿಲ್ಲ. 1776ರಲ್ಲಿ ಇಂಗ್ಲೆಂಡಿನ ಆಳ್ವಿಕೆಯನ್ನು ಕಿತ್ತೊಗೆದ ಅಮೆರಿಕದ ಹದಿಮೂರು ವಸಾಹತುಗಳ ವಲಸಿಗರು ಅಂದಿನ ಯೂರೋಪಿನ ಸಾಮಾನ್ಯ ರೈತನಿಗಿಂತ ಚೆನ್ನಾಗಿ ಉಂಡುಟ್ಟು ಬಾಳುತ್ತಿದ್ದವರು. ಅವರಲ್ಲಿ ಬಹುಮಂದಿಗೆ ಸ್ವಂತ ಭೂಮಿಯಿತ್ತು. ಓದು ಬರಹ ಬಲ್ಲವರ ಸಂಖ್ಯೆಯೂ ದೊಡ್ಡದಿತ್ತು. ಇಂಗ್ಲೆಂಡಿನಲ್ಲಿಯೇ ನೆಲೆಸಿದ್ದ ಪ್ರಜೆಯು ತೆರುತ್ತಿದ್ದ ತೆರಿಗೆಯೊಡನೆ ಹೋಲಿಸಿದರೆ ಅವರ ಮೇಲಿನ ಭಾರ ಅತ್ಯಲ್ಪವಾಗಿತ್ತು. ಸುಖವಾಗಿದ್ದ ಈ ಜನ, ತಮ್ಮದೇ ರಕ್ತ, ತಮ್ಮದೇ ಭಾಷೆ, ಬಹುಮಟ್ಟಿಗೆ ತಮ್ಮದೇ ಮತಕ್ಕೆ ಸೇರಿದ ಪ್ರಭುತ್ವದ ವಿರುದ್ಧ ಎಂಟು ವರ್ಷಗಳ ಕಾಲ ಯುದ್ಧ ಮಾಡಿದ್ದೇಕೆ? ಈ ಪ್ರಶ್ನೆಯನ್ನು ಬಿಡಿಸಿಕೊಂಡರೆ ಅಧಿಕಾರ ಮತ್ತು ಸಮ್ಮತಿಗಳ ಸಂಬಂಧದ ಬಗೆಗೆ ಬಹಳಷ್ಟು ತಿಳಿದುಬರುತ್ತದೆ.

ವಸಾಹತು ಎಂಬ ಪದದ ಎರಡು ಅರ್ಥಗಳು

ವಿಷಯವನ್ನು ಪ್ರವೇಶಿಸುವ ಮುನ್ನ ಒಂದು ಭೇದವನ್ನು ಗುರುತಿಸಬೇಕು. ಕನ್ನಡದಲ್ಲಿ ‘ವಸಾಹತು’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಪರಕೀಯರು ಗೆದ್ದು ಆಳಿದ ನಾಡು ಒಂದು ಬಗೆಯ ವಸಾಹತು. ಭಾರತ ಇದಕ್ಕೆ ಉದಾಹರಣೆ. ಒಂದು ದೇಶದ ಜನರು ಕಡಲಾಚೆ ಹೋಗಿ ನೆಲೆಯೂರಿ ಕಟ್ಟಿಕೊಂಡ ನಾಡು ಇನ್ನೊಂದು ಬಗೆಯದು. ಅಮೆರಿಕದ ಹದಿಮೂರು ವಸಾಹತುಗಳು ಈ ಬಗೆಯವು. ಮೊದಲನೆಯದರಲ್ಲಿ ಆಳುವವರೂ ಆಳಿಸಿಕೊಳ್ಳುವವರೂ ಬೇರೆ ಬೇರೆ ಜನ. ಅಲ್ಲಿ ಬಂಡಾಯವೆಂದರೆ ಪರಕೀಯನನ್ನು ಹೊರಗಟ್ಟಿ ಕಳೆದುಹೋದದ್ದನ್ನು ಮರಳಿ ಪಡೆಯುವ ಪ್ರಯತ್ನ. ಎರಡನೆಯದರಲ್ಲಿ ವಲಸಿಗನು ತಾನೂ ಆಳುವ ಜನಾಂಗದವನೇ ಎಂದು ಭಾವಿಸಿಕೊಂಡಿರುತ್ತಾನೆ. ಅವನ ಮೊದಲ ಬೇಡಿಕೆ ‘ನೀವು ಹೊರಟುಹೋಗಿ’ ಎಂಬುದಲ್ಲ, ‘ನಿಮ್ಮವರನ್ನು ಕಾಣುವಂತೆಯೇ ನಮ್ಮನ್ನೂ ಕಾಣಿರಿ’ ಎಂಬುದು. ಈ ಸಮಾನತೆಯ ಬೇಡಿಕೆ ಪದೇ ಪದೇ ನಿರಾಕೃತವಾದಾಗ ಮಾತ್ರ ಬೇರ್ಪಡುವ ಯೋಚನೆ ಹುಟ್ಟುತ್ತದೆ. ಅಮೆರಿಕದ ವಲಸಿಗರು 1765ರಿಂದ 1775ರವರೆಗೆ ಹತ್ತು ವರ್ಷಗಳ ಕಾಲ ತಾವು ರಾಜನಿಷ್ಠರಾದ ಇಂಗ್ಲಿಷ್ ಪ್ರಜೆಗಳೆಂದೇ ಹೇಳಿಕೊಂಡು ಹೋರಾಡಿದುದರ ಮರ್ಮ ಇದು.

ನೂರೈವತ್ತು ವರ್ಷಗಳ ಅಭ್ಯಾಸ

ಇಂಗ್ಲಿಷರ ಮೊದಲ ಸ್ಥಿರವಾದ ನೆಲೆ 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ಸ್ಥಾಪಿತವಾಯಿತು. 1619ರಲ್ಲಿಯೇ ಅಲ್ಲಿನ ವಲಸಿಗರ ಪ್ರತಿನಿಧಿಸಭೆ ಸೇರಿತು. ಅನಂತರ ಹುಟ್ಟಿದ ವಸಾಹತುಗಳಲ್ಲಿಯೂ ಇದೇ ಪದ್ಧತಿ ಬೆಳೆಯಿತು. ಬಹುತೇಕ ವಸಾಹತುಗಳಲ್ಲಿ ರಾಜ್ಯಪಾಲನನ್ನು ನೇಮಿಸುವ ಅಧಿಕಾರ ದೊರೆಯದಾಗಿತ್ತು. ಆದರೆ ತೆರಿಗೆ ಹಾಕುವ ಅಧಿಕಾರ ಸ್ಥಳೀಯ ಸಭೆಯ ಕೈಯಲ್ಲಿತ್ತು. ಅನೇಕ ಕಡೆಗಳಲ್ಲಿ ರಾಜ್ಯಪಾಲನ ಸಂಬಳವನ್ನು ಮಂಜೂರು ಮಾಡಬೇಕಾದುದೂ ಆ ಸಭೆಯೇ. ಹಣದ ಚೀಲದ ಬಾಯಿದಾರ ಯಾರ ಕೈಯಲ್ಲಿರುವುದೋ ನಿಜವಾದ ಅಧಿಕಾರವೂ ಅವರಲ್ಲಿಯೇ ನೆಲೆಸುವುದು ಸಹಜ. ಕಾಗದದ ಮೇಲೆ ದೊರೆ ಆಳುತ್ತಿದ್ದರೂ ನಿತ್ಯಜೀವನದಲ್ಲಿ ವಲಸಿಗರು ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದರು.

ಇದನ್ನು ತಪ್ಪಿಸುವ ಯತ್ನ ಹಿಂದೆಯೂ ಒಮ್ಮೆ ನಡೆದಿತ್ತು. 1684ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸನ್ನದನ್ನು ರದ್ದುಗೊಳಿಸಿ, 1686ರಲ್ಲಿ ಉತ್ತರದ ವಸಾಹತುಗಳನ್ನೆಲ್ಲ ಪ್ರತಿನಿಧಿಸಭೆಯಿಲ್ಲದ ಒಂದೇ ಆಡಳಿತದ ಕೆಳಗೆ ತರಲಾಯಿತು. ಇಂಗ್ಲೆಂಡಿನಲ್ಲಿ ಎರಡನೆಯ ಜೇಮ್ಸ್ ದೊರೆ ಪದಚ್ಯುತನಾದ ಸುದ್ದಿ ಬಂದೊಡನೆ, 1689ರ ಏಪ್ರಿಲಿನಲ್ಲಿ ಬಾಸ್ಟನ್ನಿನ ಜನ ರಾಜ್ಯಪಾಲನಾಗಿದ್ದ ಆಂಡ್ರೋಸನನ್ನು ಸೆರೆಹಿಡಿದು ಆ ವ್ಯವಸ್ಥೆಯನ್ನು ಉರುಳಿಸಿದರು. ಆ ಬಳಿಕ ಲಂಡನ್ನಿನ ಸರಕಾರ ಬಹುಕಾಲ ಬಿಗಿಹಿಡಿತದ ಯೋಚನೆಗೆ ಕೈಹಾಕಲಿಲ್ಲ. 1651ರಿಂದ ಮೊದಲುಗೊಂಡ ನೌಕಾಯಾನ ಶಾಸನಗಳು ವಸಾಹತುಗಳ ವ್ಯಾಪಾರವನ್ನು ಇಂಗ್ಲೆಂಡಿಗೆ ಕಟ್ಟಿಹಾಕಿದ್ದವಾದರೂ ಅವುಗಳ ಜಾರಿ ಸಡಿಲವಾಗಿತ್ತು. ಪರದೇಶದ ಕಾಕಂಬಿಯ ಮೇಲೆ ಗ್ಯಾಲನ್ನಿಗೆ ಆರು ಪೆನ್ಸಿನ ಸುಂಕವನ್ನು 1733ರಲ್ಲಿ ವಿಧಿಸಲಾಗಿದ್ದರೂ ಕಳ್ಳಸಾಗಾಣಿಕೆಯ ಮೂಲಕ ಅದು ಬಹುಮಟ್ಟಿಗೆ ನಿಷ್ಫಲವಾಗಿತ್ತು. ಹೀಗೆ ನಾಲ್ಕೈದು ತಲೆಮಾರುಗಳು ಕಳೆದವು. ಬಹುಕಾಲ ನಡೆದುಬಂದ ಅಭ್ಯಾಸವನ್ನು ಜನರು ಹಕ್ಕೆಂದು ಭಾವಿಸುತ್ತಾರೆ. ಆಳುವವರು ಅದನ್ನು ತಾವು ತೋರಿದ ಔದಾರ್ಯವೆಂದು ಭಾವಿಸುತ್ತಾರೆ. ಎರಡು ಪಕ್ಷಗಳೂ ಒಂದೇ ವಸ್ತುವನ್ನು ಎರಡು ಹೆಸರುಗಳಿಂದ ಕರೆಯುತ್ತಿದ್ದುದು ಪರೀಕ್ಷೆಯ ಕಾಲ ಬರುವವರೆಗೂ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

ಗೆಲುವು ತಂದ ಬಿಕ್ಕಟ್ಟು

ಆ ಪರೀಕ್ಷೆಯನ್ನು ತಂದದ್ದು ಸೋಲಲ್ಲ, ಗೆಲುವು. ಏಳು ವರ್ಷಗಳ ಯುದ್ಧದಲ್ಲಿ ಫ್ರಾನ್ಸನ್ನು ಸೋಲಿಸಿದ ಬ್ರಿಟನ್ 1763ರ ಪ್ಯಾರಿಸ್ ಒಪ್ಪಂದದ ಮೂಲಕ ಕೆನಡವನ್ನು ಪಡೆಯಿತು. ಈ ಗೆಲುವಿನಿಂದ ಎರಡು ಪರಿಣಾಮಗಳು ಒಟ್ಟೊಟ್ಟಿಗೇ ಉಂಟಾದವು. ಉತ್ತರದ ಗಡಿಯಲ್ಲಿ ಫ್ರೆಂಚರ ಭಯ ತೊಲಗಿದ ಕಾರಣ ವಲಸಿಗರಿಗೆ ಇಂಗ್ಲೆಂಡಿನ ಸೈನ್ಯದ ಆಸರೆ ಮೊದಲಿನಷ್ಟು ಬೇಕಾಗಲಿಲ್ಲ. ಅದೇ ಗಳಿಗೆಯಲ್ಲಿ, ಯುದ್ಧಕ್ಕಾಗಿ ಮಾಡಿದ ಸಾಲದಿಂದ ರಾಷ್ಟ್ರದ ಋಣ ಹೆಚ್ಚುಕಡಿಮೆ ಇಮ್ಮಡಿಯಾಗಿದ್ದ ಇಂಗ್ಲೆಂಡಿಗೆ ವಲಸಿಗರ ಹಣ ಹಿಂದೆಂದಿಗಿಂತಲೂ ಹೆಚ್ಚಾಗಿ ಬೇಕಾಯಿತು. ರಕ್ಷಕನ ಅಗತ್ಯ ಕಡಿಮೆಯಾದ ಹೊತ್ತಿನಲ್ಲಿಯೇ ರಕ್ಷಕನು ತನ್ನ ರಕ್ಷಣೆಯ ಬೆಲೆಯನ್ನು ಕೇಳತೊಡಗಿದನು.

ಸುಮಾರು ಹತ್ತು ಸಾವಿರ ಸೈನಿಕರನ್ನು ಅಮೆರಿಕದಲ್ಲಿ ಉಳಿಸಿಕೊಳ್ಳಲು ಲಂಡನ್ ನಿಶ್ಚಯಿಸಿತು. 1763ರ ಅಕ್ಟೋಬರಿನ ರಾಜಘೋಷಣೆ ಅಪಲೇಚಿಯನ್ ಪರ್ವತಗಳ ಪಶ್ಚಿಮಕ್ಕೆ ವಲಸಿಗರು ನೆಲೆಸಕೂಡದೆಂದು ವಿಧಿಸಿತು. ಅಲ್ಲಿನ ಮೂಲನಿವಾಸಿಗಳೊಡನೆ ಯುದ್ಧವನ್ನು ತಪ್ಪಿಸುವುದು ಇದರ ಉದ್ದೇಶವಾಗಿದ್ದರೂ, ಹೊಸ ಭೂಮಿಯ ಆಸೆಯಿಂದ ಯುದ್ಧದಲ್ಲಿ ಭಾಗಿಗಳಾಗಿದ್ದ ವಲಸಿಗರಿಗೆ ಇದು ಗೆಲುವಿನ ಫಲವನ್ನೇ ಕಸಿದುಕೊಂಡಂತೆ ತೋರಿತು. 1764ರಲ್ಲಿ ಕಾಕಂಬಿಯ ಸುಂಕವನ್ನು ಮೂರು ಪೆನ್ಸಿಗೆ ಇಳಿಸಿ, ಆದರೆ ಈ ಬಾರಿ ಕಟ್ಟುನಿಟ್ಟಾಗಿ ವಸೂಲು ಮಾಡುವ ಏರ್ಪಾಡಾಯಿತು. ಸುಂಕದ ಮೊಕದ್ದಮೆಗಳನ್ನು ಜ್ಯೂರಿಯಿಲ್ಲದ ನೌಕಾನ್ಯಾಯಾಲಯಗಳಲ್ಲಿ ನಡೆಸಲು ಅವಕಾಶ ದೊರೆಯಿತು. ಸುಂಕ ಕಡಿಮೆಯಾದಾಗ ಅಸಮಾಧಾನ ಹೆಚ್ಚಿತೆಂಬುದು ಗಮನಾರ್ಹ. ವಲಸಿಗರನ್ನು ಕೆರಳಿಸಿದ್ದು ಮೊತ್ತವಲ್ಲ, ವಸೂಲಿಯ ರೀತಿ.

ಸ್ಟಾಂಪು ಶಾಸನ ಮತ್ತು ಪ್ರಾತಿನಿಧ್ಯದ ವಾದ

1765ರ ಮಾರ್ಚಿನಲ್ಲಿ ಪ್ರಧಾನಿ ಗ್ರೆನ್‌ವಿಲ್ಲನ ಸರಕಾರ ಸ್ಟಾಂಪು ಶಾಸನವನ್ನು ಮಾಡಿತು. ನ್ಯಾಯಾಲಯದ ಪತ್ರಗಳು, ಕರಾರುಗಳು, ವೃತ್ತಪತ್ರಿಕೆಗಳು, ಪಂಚಾಂಗಗಳು, ಇಸ್ಪೀಟಿನ ಎಲೆಗಳು ಇವೆಲ್ಲಕ್ಕೂ ಮುದ್ರೆಯೊತ್ತಿದ ಕಾಗದವನ್ನೇ ಬಳಸಬೇಕಾಯಿತು. ಇಂಗ್ಲೆಂಡಿನಲ್ಲಿ ಇಂತಹ ತೆರಿಗೆ ಬಹುಕಾಲದಿಂದ ಇದ್ದುದರಿಂದ ಮಂತ್ರಿಗಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ವಲಸಿಗರು ಇದರಲ್ಲಿ ಹೊಸದೊಂದನ್ನು ಕಂಡರು. ಹಿಂದಿನ ಸುಂಕಗಳನ್ನು ಸಾಮ್ರಾಜ್ಯದ ವ್ಯಾಪಾರದ ನಿಯಂತ್ರಣವೆಂದು ಒಪ್ಪಿಕೊಳ್ಳಬಹುದಾಗಿತ್ತು. ಇದು ಹಣಕ್ಕಾಗಿಯೇ ಹಾಕಿದ ತೆರಿಗೆ. ಹಾಕಿದವರು ವಲಸಿಗರ ಒಬ್ಬ ಪ್ರತಿನಿಧಿಯೂ ಇಲ್ಲದ ಪಾರ್ಲಿಮೆಂಟಿನವರು.

ಇಲ್ಲಿ ಹುಟ್ಟಿದ ವಾದವಿವಾದವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಬಂಡಾಯದ ಹೃದಯವಿರುವುದು ಇಲ್ಲಿ. ಸರಕಾರದ ಪರವಾಗಿ ತಾಮಸ್ ವೇಟ್ಲಿ ಮುಂದಿಟ್ಟ ವಾದ ಹೀಗಿತ್ತು: ಇಂಗ್ಲೆಂಡಿನಲ್ಲಿಯೂ ಬಹುಪಾಲು ಜನರಿಗೆ ಮತದಾನದ ಹಕ್ಕಿಲ್ಲ, ಕೆಲವು ದೊಡ್ಡ ಪಟ್ಟಣಗಳೇ ಸದಸ್ಯರನ್ನು ಆರಿಸುವುದಿಲ್ಲ, ಆದರೂ ಪಾರ್ಲಿಮೆಂಟಿನ ಪ್ರತಿಯೊಬ್ಬ ಸದಸ್ಯನೂ ತನ್ನನ್ನು ಆರಿಸಿದವರಿಗೆ ಮಾತ್ರವಲ್ಲದೆ ಸಮಸ್ತ ಪ್ರಜೆಗಳಿಗೂ ಪ್ರತಿನಿಧಿ. ಆದುದರಿಂದ ವಲಸಿಗರಿಗೂ ಅಲ್ಲಿ ಅಪ್ರತ್ಯಕ್ಷವಾದ ಪ್ರಾತಿನಿಧ್ಯವಿದೆ. ಮೇಲ್ನೋಟಕ್ಕೆ ಈ ವಾದ ಬಲವಾಗಿಯೇ ಇದೆ. ಇದಕ್ಕೆ ಮೇರಿಲೆಂಡಿನ ವಕೀಲ ಡೇನಿಯಲ್ ಡ್ಯುಲೇನಿ 1765ರಲ್ಲಿಯೇ ಸಮಾಧಾನವನ್ನು ಬರೆದನು. ಇಂಗ್ಲೆಂಡಿನಲ್ಲಿ ಮತವಿಲ್ಲದವನೂ ಮತವುಳ್ಳವನೂ ಒಂದೇ ತೆರಿಗೆಯ ಕೆಳಗೆ ಬಾಳುತ್ತಾರೆ. ಸದಸ್ಯನು ಇತರರ ಮೇಲೆ ಹೇರುವ ಹೊರೆ ಅವನ ಹೆಗಲಿಗೂ ಅವನ ಮತದಾರರ ಹೆಗಲಿಗೂ ಬರುತ್ತದೆ. ಈ ಸಮಾನ ಸುಖದುಃಖವೇ ಮತವಿಲ್ಲದವನಿಗೆ ರಕ್ಷೆ. ಅಮೆರಿಕದ ವಿಷಯದಲ್ಲಿ ಈ ರಕ್ಷೆ ಇಲ್ಲ. ಇಂಗ್ಲೆಂಡಿನ ಮತದಾರನು ವಸಾಹತಿನ ಮೇಲೆ ಎಷ್ಟು ಹೆಚ್ಚು ತೆರಿಗೆ ಹಾಕಿಸುವನೋ ಅವನ ಸ್ವಂತ ಭಾರ ಅಷ್ಟು ಕಡಿಮೆಯಾಗುತ್ತದೆ. ಡ್ಯುಲೇನಿಯ ಸಮಾಧಾನದ ಸಾರಾಂಶ ಇದು. ಬಹುದೂರದಲ್ಲಿರುವ ಪ್ರಭುತ್ವವೊಂದು ಒಳ್ಳೆಯವರ ಕೈಯಲ್ಲಿದ್ದರೂ ಅನ್ಯಾಯದ ಕಡೆಗೆ ವಾಲುವುದು ಏಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಗುವುದು ಕಷ್ಟ. ಆಳುವವನ ದುಷ್ಟತನವನ್ನು ಊಹಿಸಬೇಕಾದ ಅಗತ್ಯವೇ ಇಲ್ಲ. ತಾನು ಮಾಡಿದ ವಿಧಿಗೆ ತಾನು ಒಳಗಾಗದವನು ಅದರ ಭಾರವನ್ನು ಅರಿಯಲಾರನು.

ಇನ್ನೂ ಒಂದು ಆತಂಕವಿತ್ತು. ಇಂದು ತೆರಿಗೆ ಸ್ವಲ್ಪವಾಗಿರಬಹುದು. ಆದರೆ ಅದನ್ನು ಕೇಳದೆ ಹಾಕುವ ಹಕ್ಕನ್ನು ಒಮ್ಮೆ ಒಪ್ಪಿಕೊಂಡರೆ ನಾಳೆ ಅದಕ್ಕೆ ಮೇರೆಯೆಲ್ಲಿ? ಒಬ್ಬನ ದುಡಿಮೆಯ ಫಲವನ್ನು ಅವನ ಸಮ್ಮತಿಯಿಲ್ಲದೆ ತೆಗೆದುಕೊಳ್ಳಬಲ್ಲವನು ಅವನ ಒಡೆಯನೇ ಆಗುತ್ತಾನೆ. ವಲಸಿಗರ ಕರಪತ್ರಗಳಲ್ಲಿ ‘ದಾಸ್ಯ’ ಎಂಬ ಪದ ಮತ್ತೆ ಮತ್ತೆ ಬಂದದ್ದು ಈ ಕಾರಣದಿಂದ.

ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಪ್ರತಿಭಟಿಸಿದರು. ಸ್ಟಾಂಪು ಹಂಚಲು ನೇಮಕವಾದವರು ಜನರ ಕೋಪಕ್ಕೆ ಹೆದರಿ ಬಹುತೇಕ ಎಲ್ಲೆಡೆ ರಾಜೀನಾಮೆಯಿತ್ತರು. ಇಂಗ್ಲೆಂಡಿನ ಸರಕುಗಳಿಗೆ ಬಹಿಷ್ಕಾರ ಹಾಕಲಾಯಿತು. ಅದರ ಪೆಟ್ಟನ್ನು ತಿಂದ ಇಂಗ್ಲೆಂಡಿನ ವರ್ತಕರೇ ಶಾಸನವನ್ನು ಹಿಂತೆಗೆಯಬೇಕೆಂದು ಬೇಡಿಕೊಂಡರು. ಬೆಂಜಮಿನ್ ಫ್ರಾಂಕ್ಲಿನ್ 1766ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನೆದುರು ಸಾಕ್ಷ್ಯ ನುಡಿದು, 1763ಕ್ಕೆ ಮೊದಲು ಈ ಜನ ಸೈನ್ಯದ ಅಗತ್ಯವಿಲ್ಲದೆ ಬರಿಯ ಪ್ರೀತಿಗೌರವಗಳಿಂದಲೇ ಆಳಲ್ಪಡುತ್ತಿದ್ದರೆಂದು ವಿವರಿಸಿದನು. ಮಾರ್ಚಿನಲ್ಲಿ ಶಾಸನ ರದ್ದಾಯಿತು. ಆದರೆ ಅದರ ಜೊತೆಯಲ್ಲಿಯೇ, ವಸಾಹತುಗಳನ್ನು ಸರ್ವವಿಷಯಗಳಲ್ಲಿಯೂ ಬಂಧಿಸುವ ಶಾಸನಗಳನ್ನು ಮಾಡುವ ಅಧಿಕಾರ ತನಗಿದೆಯೆಂದು ಪಾರ್ಲಿಮೆಂಟು ಘೋಷಿಸಿಕೊಂಡಿತು. ತೆರಿಗೆಯನ್ನು ಕೈಬಿಟ್ಟರೂ ಹಕ್ಕನ್ನು ಕೈಬಿಡಲಿಲ್ಲ. ಮುಂದಿನ ಅನರ್ಥಗಳೆಲ್ಲ ಈ ಘೋಷಣೆಯಲ್ಲಿ ಬೀಜರೂಪವಾಗಿದ್ದವು.

ಚಹದ ಪೆಟ್ಟಿಗೆಯಲ್ಲಿದ್ದ ಪ್ರಶ್ನೆ

1767ರಲ್ಲಿ ಟೌನ್‌ಶೆಂಡನು ಗಾಜು, ಸೀಸ, ಕಾಗದ, ಬಣ್ಣ, ಚಹಗಳ ಮೇಲೆ ಸುಂಕ ವಿಧಿಸಿದನು. ಈ ಹಣದಿಂದ ರಾಜ್ಯಪಾಲರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ಯೋಜನೆಯಿದ್ದುದರಿಂದ ಸ್ಥಳೀಯ ಸಭೆಗಳ ಕೈಯಲ್ಲಿದ್ದ ಏಕೈಕ ಅಂಕುಶವೂ ಜಾರಿಹೋಗುವಂತಾಯಿತು. ಮತ್ತೆ ಬಹಿಷ್ಕಾರ ನಡೆಯಿತು. ಹೆಂಗಸರು ಮನೆಗಳಲ್ಲಿ ನೂಲು ತೆಗೆದು ಬಟ್ಟೆ ನೇಯ್ದು ಇಂಗ್ಲೆಂಡಿನ ವಸ್ತ್ರವನ್ನು ತ್ಯಜಿಸಿದರು. ಸ್ವದೇಶೀ ವ್ರತದ ಕಥೆಯನ್ನು ಬಲ್ಲ ಭಾರತೀಯರಿಗೆ ಇದು ಅಪರಿಚಿತವಾದ ಚಿತ್ರವೇನಲ್ಲ. 1768ರಲ್ಲಿ ಬಾಸ್ಟನ್ನಿಗೆ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರಂದು ಸೈನಿಕರು ಹಾರಿಸಿದ ಗುಂಡುಗಳಿಗೆ ಐವರು ಬಲಿಯಾದರು. ಆ ವರ್ಷವೇ ಸುಂಕಗಳನ್ನು ತೆಗೆದುಹಾಕಿದರೂ ಹಕ್ಕಿನ ಗುರುತಾಗಿ ಚಹದ ಮೇಲೆ ಪೌಂಡಿಗೆ ಮೂರು ಪೆನ್ಸಿನ ಸುಂಕವನ್ನು ಉಳಿಸಿಕೊಳ್ಳಲಾಯಿತು.

ಇಲ್ಲಿ ಕಥೆ ಭಾರತದ ಕಡೆಗೆ, ಅದರಲ್ಲಿಯೂ ಕನ್ನಡನಾಡಿನ ಕಡೆಗೆ ಒಂದು ತಿರುವನ್ನು ಪಡೆಯುತ್ತದೆ. ಆ ಚಹವನ್ನು ಮಾರುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿ. ಮೈಸೂರಿನ ಹೈದರಾಲಿಯು ಕರ್ನಾಟಿಕ್ ಪ್ರಾಂತದಲ್ಲಿ ನಡೆಸುತ್ತಿದ್ದ ಯುದ್ಧದ ವಾರ್ತೆ 1769ರಲ್ಲಿ ಲಂಡನ್ನನ್ನು ಮುಟ್ಟಿದಾಗ ಕಂಪನಿಯ ಷೇರುಗಳ ಬೆಲೆ ಕುಸಿಯಿತು. ಮರುವರ್ಷವೇ ಬಂಗಾಳ ಭೀಕರ ಕ್ಷಾಮಕ್ಕೆ ತುತ್ತಾಯಿತು. ಯುದ್ಧದ ವೆಚ್ಚ, ಅಧಿಕಾರಿಗಳ ಲೋಭ, 1772ರ ಲೇವಾದೇವಿಯ ಮುಗ್ಗಟ್ಟು ಇವೆಲ್ಲವೂ ಸೇರಿ ಕಂಪನಿ ದಿವಾಳಿಯ ಅಂಚಿಗೆ ಬಂದಿತು. ಸರಕಾರ ಅದಕ್ಕೆ 14 ಲಕ್ಷ ಪೌಂಡು ಸಾಲ ಕೊಟ್ಟುದಲ್ಲದೆ, ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಚಹದ ರಾಶಿಯನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ಅಗ್ಗವಾಗಿ ಮಾರಲು 1773ರ ಚಹ ಶಾಸನದ ಮೂಲಕ ಅನುಮತಿಯಿತ್ತಿತು. ಮೂರು ಪೆನ್ಸಿನ ಸುಂಕ ಸೇರಿದ ಮೇಲೂ ಈ ಚಹ ಹಿಂದಿಗಿಂತ ಅಗ್ಗ. ಅಗ್ಗದ ಚಹವನ್ನು ಯಾರು ತಾನೆ ಬೇಡವೆಂದಾರು ಎಂದು ಮಂತ್ರಿಗಳು ಎಣಿಸಿದರು.

ವಲಸಿಗರು ಬೇಡವೆಂದರು. ಆ ಚಹವನ್ನು ಕೊಂಡರೆ ಸುಂಕದ ಹಕ್ಕನ್ನು ಒಪ್ಪಿಕೊಂಡಂತಾಗುತ್ತಿತ್ತು. ಇಲ್ಲಿನ ವರ್ತಕರನ್ನು ಬದಿಗೊತ್ತಿ ಒಂದು ಕಂಪನಿಗೆ ಏಕಸ್ವಾಮ್ಯವನ್ನು ಕೊಟ್ಟಂತೆಯೂ ಆಗುತ್ತಿತ್ತು. ಪೆನ್ಸಿಲ್ವೇನಿಯದ ಜಾನ್ ಡಿಕಿನ್‌ಸನ್ ಆ ವರ್ಷ ಗುಪ್ತನಾಮದಿಂದ ಬರೆದ ಪತ್ರವೊಂದರಲ್ಲಿ, ಏಷ್ಯದಲ್ಲಿ ಸಾವಿರಾರು ಜನರನ್ನು ಹಸಿವಿನಿಂದ ಕೊಂದ ಕಂಪನಿಯ ಕೈ ಈಗ ಅಮೆರಿಕದತ್ತ ಚಾಚಿದೆಯೆಂದು ಎಚ್ಚರಿಸಿದನು. ಬಂಗಾಳದ ಕ್ಷಾಮಪೀಡಿತರ ಗತಿ ಅಮೆರಿಕದ ಹಳ್ಳಿಗರಿಗೆ ಪಾಠವಾಯಿತು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹ ಸಮುದ್ರದ ಪಾಲಾಯಿತು. ನ್ಯೂಯಾರ್ಕ್, ಫಿಲಡೆಲ್ಫಿಯಗಳಿಗೆ ಬಂದ ಚಹದ ಹಡಗುಗಳು ಸರಕನ್ನಿಳಿಸದೆ ಹಿಂದಿರುಗಿದವು.

ಶಿಕ್ಷೆಯ ಫಲ

ಇಂಗ್ಲೆಂಡು 1774ರಲ್ಲಿ ದಂಡನೆಯ ಶಾಸನಗಳಿಂದ ಉತ್ತರ ಕೊಟ್ಟಿತು. ಜೂನ್ 1ರಿಂದ ಬಾಸ್ಟನ್ ಬಂದರನ್ನು ಮುಚ್ಚಲಾಯಿತು. ಮ್ಯಾಸಚೂಸೆಟ್ಸಿನ ಸನ್ನದನ್ನು ತಿದ್ದಿ ಅಲ್ಲಿನ ಮೇಲ್ಸಭೆಯ ಆಯ್ಕೆಯನ್ನು ಜನರಿಂದ ಕಸಿದುಕೊಳ್ಳಲಾಯಿತು. ಊರಸಭೆಗಳಿಗೂ ಕಡಿವಾಣ ಬಿತ್ತು. ಚಹವನ್ನು ಎಸೆದವರು ಕೆಲವರು. ಉಪವಾಸ ಬಿದ್ದದ್ದು ಇಡೀ ಪಟ್ಟಣ. ಒಂದು ಊರನ್ನು ಪ್ರತ್ಯೇಕಿಸಿ ಶಿಕ್ಷಿಸಿದರೆ ಮಿಕ್ಕವು ಬೆದರುವುವೆಂಬ ಲೆಕ್ಕ ತಲೆಕೆಳಗಾಯಿತು. ಒಂದು ವಸಾಹತಿನ ಸನ್ನದನ್ನು ಹರಿಯಬಹುದಾದರೆ ಯಾವ ವಸಾಹತಿನ ಸನ್ನದೂ ಸುರಕ್ಷಿತವಲ್ಲವೆಂದು ದೂರದ ವರ್ಜೀನಿಯ, ಕೆರೊಲೈನಗಳೂ ಅರಿತವು. ಅಲ್ಲಿಯವರೆಗೆ ಗಡಿ, ಮತ, ವ್ಯಾಪಾರಗಳ ವಿಷಯದಲ್ಲಿ ಪರಸ್ಪರ ಜಗಳವಾಡುತ್ತಿದ್ದ ವಸಾಹತುಗಳಲ್ಲಿ ಹನ್ನೆರಡು, ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯದಲ್ಲಿ ಒಂದೇ ಮಹಾಸಭೆಯಾಗಿ ಕೂಡಿದವು. ಬಾಸ್ಟನ್ನಿನ ಹಸಿದವರಿಗೆ ಇತರ ವಸಾಹತುಗಳಿಂದ ಧಾನ್ಯ ಹರಿದುಬಂದಿತು. ಅವರನ್ನು ಒಂದು ಜನಾಂಗವನ್ನಾಗಿ ಮಾಡಿದ್ದು ಅವರ ಮುಖಂಡರ ವಾಗ್ಮಿತೆಗಿಂತ ಹೆಚ್ಚಾಗಿ ಲಂಡನ್ನಿನ ಕೋಪವೇ ಎನ್ನಬೇಕು.

ಧರ್ಮವೇದಿಕೆಯ ಪಾತ್ರ

ಈ ಬಂಡಾಯದಲ್ಲಿ ಧರ್ಮದ ಪಾತ್ರವನ್ನು ಕೆಲವು ಇತಿಹಾಸಗ್ರಂಥಗಳು ಅಷ್ಟಾಗಿ ಗಮನಿಸುವುದಿಲ್ಲ. ಉತ್ತರದ ವಸಾಹತುಗಳನ್ನು ಕಟ್ಟಿದವರು ಇಂಗ್ಲೆಂಡಿನ ರಾಜಮತವನ್ನು ಒಪ್ಪದೆ ಬಂದ ಪ್ಯೂರಿಟನ್ನರು. ಅವರ ಪದ್ಧತಿಯಲ್ಲಿ ಪ್ರತಿಯೊಂದು ಭಕ್ತಸಮುದಾಯವೂ ಸ್ವತಂತ್ರ. ತನ್ನ ಬೋಧಕನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ದೇವರೊಡನೆ ಮಾಡಿಕೊಂಡ ಪ್ರತಿಜ್ಞೆಯೇ ಸಮುದಾಯದ ಬುನಾದಿಯೆಂದೂ, ಆಳುವವನು ಸಹ ಆ ದೈವನಿಯಮಕ್ಕೆ ಅಧೀನನೆಂದೂ ಅವರು ನಂಬಿದ್ದರು. ಬಾಸ್ಟನ್ನಿನ ಬೋಧಕ ಜೊನಾತನ್ ಮೇಹ್ಯೂ 1750ರಲ್ಲಿಯೇ, ಪ್ರಭುವಿಗೆ ವಿಧೇಯರಾಗಿರಬೇಕೆಂಬ ಧರ್ಮವಿಧಿ ಪ್ರಜಾಹಿತವನ್ನು ಸಾಧಿಸುವ ಪ್ರಭುವಿಗೆ ಮಾತ್ರ ಅನ್ವಯಿಸುತ್ತದೆ, ಪ್ರಜಾಪೀಡಕನಿಗಲ್ಲ ಎಂದು ಪ್ರತಿಪಾದಿಸಿದ್ದನು. ರಾಜಕೀಯ ಕರಪತ್ರವನ್ನು ಓದದ ಹಳ್ಳಿಗನೂ ಭಾನುವಾರದ ಪ್ರವಚನವನ್ನು ಕೇಳುತ್ತಿದ್ದನು. ಲಂಡನ್ನು ಅಮೆರಿಕಕ್ಕೆ ರಾಜಮತದ ಬಿಷಪ್ಪನನ್ನು ಕಳುಹಿಸುವುದೆಂಬ ಭೀತಿ 1760ರ ದಶಕದಲ್ಲಿ ಹರಡಿದಾಗ, ದುಡ್ಡಿಗೆ ಕೈಯಿಟ್ಟವರು ನಾಳೆ ಅಂತರಂಗಕ್ಕೂ ಕೈಯಿಟ್ಟಾರು ಎಂಬ ಶಂಕೆ ಬಲವಾಯಿತು.

ಆದರೆ ಧರ್ಮ ಒಂದೇ ಕಡೆಗೆ ನಿಂತಿತೆನ್ನಲಾಗದು. ರಾಜಮತದ ಪುರೋಹಿತರಲ್ಲಿ ಅನೇಕರು ದೊರೆಗೆ ನಿಷ್ಠರಾಗಿಯೇ ಉಳಿದರು. ಕ್ವೇಕರ್ ಪಂಥದವರು ಅಹಿಂಸೆಯ ವ್ರತವನ್ನು ಬಿಡದೆ ಎರಡು ಪಕ್ಷಗಳ ಕೋಪಕ್ಕೂ ಗುರಿಯಾದರು. 1774ರ ಕ್ವಿಬೆಕ್ ಶಾಸನ ಕೆನಡದ ಕ್ಯಾಥೊಲಿಕ್ಕರಿಗೆ ಮತಸ್ವಾತಂತ್ರ್ಯವನ್ನು ಕೊಟ್ಟಾಗ, ಸ್ವಾತಂತ್ರ್ಯವಾದಿಗಳಾದ ಪ್ಯೂರಿಟನ್ನರೇ ಅದನ್ನು ದೊಡ್ಡ ಅಪರಾಧವೆಂದು ಖಂಡಿಸಿದರು. ತಮಗೆ ಬೇಡುವ ಸ್ವಾತಂತ್ರ್ಯವನ್ನು ಪರರಿಗೆ ಸಹಿಸದಿರುವ ದೌರ್ಬಲ್ಯ ಧರ್ಮಿಷ್ಠರಲ್ಲಿಯೂ ಇರುತ್ತದೆಂಬುದಕ್ಕೆ ಇದು ಸಾಕ್ಷಿ.

ದೂರವೆಂಬ ಕಾರಣ

ಎಡ್ಮಂಡ್ ಬರ್ಕ್ 1775ರ ಮಾರ್ಚ್ 22ರಂದು ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣದಲ್ಲಿ ವಲಸಿಗರ ಸ್ವಾತಂತ್ರ್ಯಪ್ರೇಮಕ್ಕೆ ಆರು ಕಾರಣಗಳನ್ನು ಎಣಿಸಿದನು: ಇಂಗ್ಲಿಷ್ ವಂಶ, ಪ್ರತಿನಿಧಿಸಭೆಗಳ ಆಡಳಿತ, ಉತ್ತರದವರ ಮತ, ದಕ್ಷಿಣದವರ ನಡವಳಿಕೆ, ಕಾನೂನಿನ ವಿದ್ಯಾಭ್ಯಾಸ ಮತ್ತು ದೂರ. ಕೊನೆಯದನ್ನು ಶಾಸನಗಳಿಂದ ಬದಲಿಸಲಾಗದೆಂದು ಅವನು ಎತ್ತಿ ಹೇಳಿದನು. ನಡುವೆ ಮೂರು ಸಾವಿರ ಮೈಲಿಗಳ ಸಾಗರ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್‌ಟನ್ನಿನಲ್ಲಿ ಹಾರಿದ ಮೊದಲ ಗುಂಡಿನ ಸುದ್ದಿ ಲಂಡನ್ನನ್ನು ಮುಟ್ಟಿದ್ದು ಮೇ ತಿಂಗಳ ಕೊನೆಗೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತಿತ್ತು. ಕಣ್ಣಿಗೆ ಕಾಣದ ಪ್ರಭುವಿನ ಪ್ರತಿಯೊಂದು ಕೃತ್ಯದ ಹಿಂದೆಯೂ ದುರುದ್ದೇಶವನ್ನು ಊಹಿಸುವುದು ಪ್ರಜೆಗಳಿಗೆ ಸುಲಭ; ಕಣ್ಣಿಗೆ ಕಾಣದ ಪ್ರಜೆಗಳ ಪ್ರತಿಯೊಂದು ದೂರನ್ನೂ ಉದ್ಧಟತನವೆಂದು ಎಣಿಸುವುದು ಪ್ರಭುವಿಗೆ ಸುಲಭ. ಆ ಜುಲೈನಲ್ಲಿ ಮಹಾಸಭೆ ವಿನಯದಿಂದ ಬರೆದು ಕಳುಹಿಸಿದ ಶಾಂತಿಯ ಬಿನ್ನಹಪತ್ರವನ್ನು ಮೂರನೆಯ ಜಾರ್ಜ್ ದೊರೆ ಸ್ವೀಕರಿಸಲೇ ಇಲ್ಲ. ಆಗಸ್ಟ್ 23ರಂದು ವಸಾಹತುಗಳು ದಂಗೆಯೆದ್ದಿವೆಯೆಂದು ಸಾರಿದನು. ಅಲ್ಲಿಯವರೆಗೆ ವಲಸಿಗರು ಪಾರ್ಲಿಮೆಂಟನ್ನು ದೂಷಿಸುತ್ತಿದ್ದರೇ ಹೊರತು ದೊರೆಯಲ್ಲಿ ನಂಬಿಕೆಯಿಟ್ಟಿದ್ದರು. ಆ ಕೊನೆಯ ಎಳೆಯೂ ಹರಿಯಿತು. 1776ರ ಜನವರಿಯಲ್ಲಿ ತಾಮಸ್ ಪೇನನ ಪುಸ್ತಿಕೆ ಅರಸೊತ್ತಿಗೆಯನ್ನೇ ಪ್ರಶ್ನಿಸಿದಾಗ ಜನ ಕಿವಿಗೊಡಲು ಸಿದ್ಧರಾಗಿದ್ದರು. ಜುಲೈ 4ರಂದು ಅಂಗೀಕೃತವಾದ ಸ್ವಾತಂತ್ರ್ಯ ಘೋಷಣೆಯಲ್ಲಿ ಪಟ್ಟಿ ಮಾಡಿದ ದೂರುಗಳೆಲ್ಲ ದೊರೆಯ ಹೆಸರಿನಲ್ಲಿಯೇ ಇರುವುದು ಇದೇ ಕಾರಣದಿಂದ.

ದಂಗೆಯೇಳದ ವಸಾಹತುಗಳು

ಮೇಲಿನ ಕಾರಣಗಳು ಸರಿಯೇ ಎಂಬುದನ್ನು ಪರೀಕ್ಷಿಸಲು, ಅದೇ ದೊರೆಯ ಕೆಳಗಿದ್ದೂ ದಂಗೆಯೇಳದ ವಸಾಹತುಗಳತ್ತ ನೋಡಬೇಕು. ಜಮೈಕ, ಬಾರ್ಬಡೋಸ್ ಮೊದಲಾದ ಸಕ್ಕರೆಯ ದ್ವೀಪಗಳಲ್ಲಿಯೂ ಪ್ರತಿನಿಧಿಸಭೆಗಳಿದ್ದವು. ಹಕ್ಕಿನ ಭಾಷೆಯನ್ನು ಅವೂ ಆಡುತ್ತಿದ್ದವು. ಆದರೆ ಅವುಗಳ ಸಕ್ಕರೆಗೆ ಇಂಗ್ಲೆಂಡಿನ ಪೇಟೆಯೇ ಆಧಾರ. ಬಿಳಿಯರು ಅಲ್ಪಸಂಖ್ಯಾತರು, ಬಹುಸಂಖ್ಯಾತರಾದ ಆಫ್ರಿಕದ ಗುಲಾಮರು ತಿರುಗಿಬಿದ್ದಾರೆಂಬ ಭಯದಿಂದ ಒಡೆಯರಿಗೆ ಇಂಗ್ಲೆಂಡಿನ ಸೈನ್ಯ ಬೇಕೇಬೇಕಾಗಿತ್ತು. ಕ್ವಿಬೆಕ್ಕಿನ ಫ್ರೆಂಚರಿಗೆ ಸ್ವಯಮಾಡಳಿತದ ಅಭ್ಯಾಸವಿರಲಿಲ್ಲ. ತಮ್ಮ ಮತವನ್ನು ಹಳಿಯುವ ಪ್ಯೂರಿಟನ್ನರಿಗಿಂತ ಅದನ್ನು ಮನ್ನಿಸಿದ ದೂರದ ದೊರೆಯೇ ಅವರಿಗೆ ಲೇಸೆನಿಸಿದನು. ದೂರ ಎಲ್ಲರಿಗೂ ಒಂದೇ. ಶಾಸನಗಳೂ ಬಹುಮಟ್ಟಿಗೆ ಒಂದೇ. ಎಲ್ಲಿ ಸ್ವಯಮಾಡಳಿತದ ಅಭ್ಯಾಸ, ರಕ್ಷಕನಿಲ್ಲದೆಯೂ ಬಾಳಬಲ್ಲೆವೆಂಬ ಧೈರ್ಯ ಮತ್ತು ಸಮಾನತೆ ನಿರಾಕೃತವಾದ ನೋವು ಈ ಮೂರೂ ಕೂಡಿದವೋ ಅಲ್ಲಿ ಮಾತ್ರ ಬಂಡಾಯ ಬೇರೂರಿತು. ಹದಿಮೂರು ವಸಾಹತುಗಳೊಳಗೂ ಎಲ್ಲರೂ ಒಮ್ಮತದವರಾಗಿರಲಿಲ್ಲ. ಬಿಳಿಯರಲ್ಲಿ ಸುಮಾರು ಐದನೆಯ ಒಂದು ಪಾಲು ರಾಜನಿಷ್ಠರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಯುದ್ಧಾನಂತರ ಅವರಲ್ಲಿ ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ತೊರೆದು ಕೆನಡಕ್ಕೂ ಇಂಗ್ಲೆಂಡಿಗೂ ಹೋದವು.

ಘೋಷಣೆಯ ಹೊರಗುಳಿದವರು

ದಾಸ್ಯವೆಂಬ ಪದವನ್ನು ತೆರಿಗೆಗೆ ಬಳಸಿದ ಆ ನಾಡಿನಲ್ಲಿ ನಿಜವಾದ ದಾಸರೂ ಇದ್ದರು. 1775ರಲ್ಲಿ ಸುಮಾರು 25 ಲಕ್ಷವಿದ್ದ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲು ಆಫ್ರಿಕ ಮೂಲದ ಗುಲಾಮರು. ಎಲ್ಲರೂ ಸಮಾನರಾಗಿ ಹುಟ್ಟಿದವರೆಂಬ ತತ್ತ್ವವನ್ನು ಘೋಷಣೆಯಲ್ಲಿ ಬರೆದ ಜೆಫರ್‌ಸನ್ನನೇ ನೂರಾರು ಗುಲಾಮರ ಒಡೆಯ. 1775ರ ನವೆಂಬರಿನಲ್ಲಿ ವರ್ಜೀನಿಯದ ರಾಜ್ಯಪಾಲ ಡನ್‌ಮೋರನು, ಬಂಡಾಯಗಾರರ ಗುಲಾಮರು ದೊರೆಯ ಸೈನ್ಯವನ್ನು ಸೇರಿದರೆ ಬಿಡುಗಡೆ ಹೊಂದುವರೆಂದು ಸಾರಿದಾಗ ಅನೇಕರು ಅತ್ತ ಓಡಿದರು. ಅವರ ಪಾಲಿಗೆ ದೂರದ ಪ್ರಭುವಿಗಿಂತ ಹತ್ತಿರದ ಒಡೆಯನೇ ಕ್ರೂರ. ಮೂಲನಿವಾಸಿಗಳಲ್ಲಿಯೂ ಹಲವು ಜನಾಂಗಗಳು ವಲಸಿಗರ ಭೂಮಿದಾಹಕ್ಕೆ ಅಂಜಿ ಇಂಗ್ಲೆಂಡಿನ ಪಕ್ಷವನ್ನು ಹಿಡಿದವು. 1783ರ ಶಾಂತಿ ಒಪ್ಪಂದದಲ್ಲಿ ಅವರ ಹೆಸರೇ ಇಲ್ಲ. ಹೀಗಿದ್ದರೂ ತತ್ತ್ವವೊಂದನ್ನು ಒಮ್ಮೆ ಬಹಿರಂಗವಾಗಿ ಉಚ್ಚರಿಸಿದ ಮೇಲೆ ಅದು ಉಚ್ಚರಿಸಿದವರ ಇಚ್ಛೆಯನ್ನು ಮೀರಿ ನಡೆಯುತ್ತದೆ. ಮ್ಯಾಸಚೂಸೆಟ್ಸಿನ ಗುಲಾಮರು ಅದೇ ಹಕ್ಕಿನ ಭಾಷೆಯಲ್ಲಿ ತಮ್ಮ ಬಿಡುಗಡೆಗಾಗಿ ಬಿನ್ನವಿಸಿಕೊಂಡರು. ಪೆನ್ಸಿಲ್ವೇನಿಯ 1780ರಲ್ಲಿ ಕ್ರಮಕ್ರಮವಾದ ವಿಮೋಚನೆಯ ಶಾಸನವನ್ನು ಮಾಡಿತು.

ಉಪಸಂಹಾರ

1778ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಮೇಲೆ ಆದಾಯಕ್ಕಾಗಿ ತೆರಿಗೆ ಹಾಕುವ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟಿತು. 1765ರಲ್ಲಿ ಇದೇ ಮಾತನ್ನು ಆಡಿದ್ದರೆ ಅಮೆರಿಕದ ಊರೂರುಗಳಲ್ಲಿ ದೊರೆಗೆ ಜಯಕಾರ ಮೊಳಗುತ್ತಿತ್ತು. ಆದರೆ ಆ ವೇಳೆಗೆ ರಕ್ತ ಹರಿದಿತ್ತು, ಫ್ರಾನ್ಸಿನೊಡನೆ ಮೈತ್ರಿಯಾಗಿತ್ತು, ಬೇಡಿಕೆಯೇ ಬೇರೆಯಾಗಿತ್ತು. ಫ್ರಾನ್ಸು ಯುದ್ಧಕ್ಕಿಳಿದ ಮೇಲೆ ಅದು ಭಾರತಕ್ಕೂ ಹಬ್ಬಿತು. ಇಂಗ್ಲಿಷರೊಡನೆ ಹೈದರಾಲಿ ಹೋರಾಡುತ್ತಿದ್ದ ಸುದ್ದಿ ಅಮೆರಿಕವನ್ನು ಮುಟ್ಟಿ, 1782ರಲ್ಲಿ ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಅವನ ಹೆಸರನ್ನೇ ಇಟ್ಟರು; ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ಇಂಗ್ಲಿಷರ ಹಡಗೊಂದನ್ನು ಸೆರೆಹಿಡಿಯಿತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ ಸೈನ್ಯದ ಸೇನಾನಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯೆದುರು ಗೆದ್ದು ನಿಂತನು.

ಗೆದ್ದ ವಲಸಿಗರಿಗೂ ಅದೇ ಪ್ರಶ್ನೆ ಬೇಗನೆ ಎದುರಾಯಿತು. ಪರ್ವತಗಳ ಪಶ್ಚಿಮಕ್ಕೆ ಹೋಗಿ ನೆಲೆಸುವ ತಮ್ಮದೇ ಜನರನ್ನು ಆಳುವುದು ಹೇಗೆ? ಅವರನ್ನು ಶಾಶ್ವತವಾಗಿ ಅಧೀನರನ್ನಾಗಿ ಇಟ್ಟರೆ ಮತ್ತೊಂದು ಬಾಸ್ಟನ್ ಹುಟ್ಟುವುದು ನಿಶ್ಚಯ. 1787ರ ಜುಲೈನಲ್ಲಿ ಮಹಾಸಭೆ ಮಾಡಿದ ವಾಯವ್ಯ ಪ್ರಾಂತದ ವಿಧಿ ಇದಕ್ಕೆ ಉತ್ತರ ಕೊಟ್ಟಿತು: ಹೊಸ ಪ್ರಾಂತವೊಂದರಲ್ಲಿ ಸ್ವತಂತ್ರ ನಿವಾಸಿಗಳ ಸಂಖ್ಯೆ 60,000 ಆದೊಡನೆ ಅದು ಹಳೆಯ ರಾಜ್ಯಗಳಿಗೆ ಸರ್ವವಿಧದಲ್ಲಿಯೂ ಸಮಾನವಾದ ರಾಜ್ಯವಾಗಿ ಒಕ್ಕೂಟವನ್ನು ಸೇರಬಹುದು, ಆ ಪ್ರಾಂತದಲ್ಲಿ ಗುಲಾಮಗಿರಿಗೆ ಅವಕಾಶವಿಲ್ಲ. ಲಂಡನ್ನು ಒಂದು ಸಾಮ್ರಾಜ್ಯವನ್ನು ಕಳೆದುಕೊಂಡ ಮೇಲೂ ಪೂರ್ತಿಯಾಗಿ ಕಲಿಯದ ಪಾಠವನ್ನು ಬಂಡಾಯವೆದ್ದವರು ತಮ್ಮ ವಲಸಿಗರ ವಿಷಯದಲ್ಲಿ ಆಚರಣೆಗೆ ತಂದರು. ಆದರೆ ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ್ದ ಮೂಲನಿವಾಸಿಗಳ ಭೂಮಿಯನ್ನು ಅವರ ಸಮ್ಮತಿಯಿಲ್ಲದೆ ತೆಗೆದುಕೊಳ್ಳಕೂಡದೆಂದು ಅದೇ ವಿಧಿಯಲ್ಲಿ ಬರೆದ ಮಾತು ಬರಹದಲ್ಲಿಯೇ ಉಳಿಯಿತು. ಸಮ್ಮತಿಯಿಲ್ಲದ ಆಳ್ವಿಕೆ ಅನ್ಯಾಯವೆಂಬ ತತ್ತ್ವವನ್ನು ತಮ್ಮ ಪಾಲಿಗೆ ಸಾಧಿಸಿಕೊಳ್ಳಲು ಆ ಜನರಿಗೆ ಎಂಟು ವರ್ಷಗಳ ಯುದ್ಧ ಸಾಕಾಯಿತು. ಅದನ್ನು ಅನ್ಯರ ಪಾಲಿಗೂ ಸಲ್ಲಿಸುವ ಕಾರ್ಯ ಆ ಯುದ್ಧದೊಡನೆ ಮುಗಿಯಲಿಲ್ಲ.